ಬಯಲಲ್ಲಿಟ್ಟ ಲೆಕ್ಕ

ಎಲ್ಲ ಲೆಕ್ಕವನ್ನೂ ಬಯಲಲ್ಲಿಟ್ಟರೆ ಮಾರುವವನ ಹೊಣೆ ತೀರಿತೇ?

ಯುನಿಸ್ವ್ಯಾಪ್‌ನಂಥ ವಿಕೇಂದ್ರಿತ ಕ್ರಿಪ್ಟೊ ಪೇಟೆಗಳಲ್ಲಿ ಯಾವ ಟೋಕನ್ನಿನ ಹಿಂದೆ ಎಷ್ಟು ಹಣವಿದೆ ಎಂದು ತೋರಿಸುವ ತಂತ್ರಾಂಶಗಳಿವೆ. ಯಾರು ಬೇಕಾದರೂ ನೋಡಬಹುದು. ಅಲ್ಲಿನ ಕೊಳವೊಂದರಲ್ಲಿ 1 ಲಕ್ಷ ಟೋಕನ್, 1 ಲಕ್ಷ ರೂಪಾಯಿಯಷ್ಟು ಹಣ ಇದೆಯೆನ್ನಿ. ಬೆಲೆ ಒಂದು ರೂಪಾಯಿ. ಹೊರಗೆ 1 ಲಕ್ಷ ಟೋಕನ್ ಇಟ್ಟುಕೊಂಡವನು ತಾನು ಲಕ್ಷಾಧೀಶನೆಂದುಕೊಳ್ಳುತ್ತಾನೆ. ಆದರೆ ಕೊಳದ ಎರಡು ಮೊತ್ತಗಳ ಗುಣಲಬ್ಧ ಬದಲಾಗಬಾರದೆಂಬುದು ಸೂತ್ರ; ಅಷ್ಟನ್ನೂ ಒಮ್ಮೆಗೇ ಮಾರಿದರೆ ಸಿಗುವುದು 50,000.

ಕೋಲಾರದ ಚಿನ್ನದ ಗಣಿ ಇದನ್ನು ಮೊದಲೇ ಕಲಿಸಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ನೆಲದಡಿಯ ಚಿನ್ನ ಮುಗಿದಿರಲಿಲ್ಲ. ಅಷ್ಟು ಆಳದಿಂದ ಎತ್ತುವ ಖರ್ಚು ಅದರ ಬೆಲೆಯನ್ನು ಮೀರಿತ್ತು. ಇರುವುದು ಬೇರೆ, ಕೈಗೆ ದಕ್ಕುವುದು ಬೇರೆ. ನಷ್ಟದ ಲೆಕ್ಕವೂ ಗುಟ್ಟಾಗಿರಲಿಲ್ಲ. ತಿಳಿದ ಮಾತ್ರಕ್ಕೆ ಕಾರ್ಮಿಕ ಉಳಿಯಲಿಲ್ಲ. ಇಂದಿಗೂ ಅಲ್ಲಿನವರು ಕೆಲಸಕ್ಕಾಗಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಾರೆ.

ನೋಡಿ ಕೊಳ್ಳಬೇಕು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ತಂತ್ರಾಂಶ ತೋರಿಸುವುದು ಈ ಹೊತ್ತಿನ ಹಣವನ್ನು; ರಾತ್ರಿ ಅದನ್ನು ಹಿಂತೆಗೆಯುವ ಮನಸ್ಸನ್ನಲ್ಲ. ಆ ಮನಸ್ಸು ಹಿಂತೆಗೆಯಬಲ್ಲವನಿಗೆ ಮಾತ್ರ ಗೊತ್ತು. ಹೆಚ್ಚು ಗೊತ್ತಿದ್ದವನ ಹೊಣೆಯೂ ಹೆಚ್ಚು. ಲೆಕ್ಕ ತೋರಿಸಿದ್ದೇನೆ ಎನ್ನುವುದು ಆ ಹೊಣೆಯ ಆರಂಭವೇ ಹೊರತು ಮುಕ್ತಾಯವಲ್ಲ.