ಉಪಾಯವಿಲ್ಲದ ರೋಗ ಯಾವುದು?

ಆಹಾರವನ್ನು ಕ್ರಮೇಣ ತೊರೆದು ಸಾವನ್ನು ಎದುರುಗೊಳ್ಳುವ ಜೈನರ ಸಲ್ಲೇಖನ ವ್ರತಕ್ಕೆ ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ನಾಲ್ಕು ಸಂದರ್ಭ ಹೇಳುತ್ತಾರೆ: ಉಪಸರ್ಗ (ಎರಗಿ ಬಂದ ಘೋರ ಆಪತ್ತು), ಬರ, ಮುಪ್ಪು, ರೋಗ. ಶರತ್ತು ಒಂದೇ, ಒದಗಿದ ಕಷ್ಟಕ್ಕೆ ಪರಿಹಾರವೇ ಇರಬಾರದು. ಮದ್ದಿರುವ ಕಾಯಿಲೆಗೆ ವ್ರತ ಸಲ್ಲದು. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, ಜೈನ ಧರ್ಮಕ್ಕೆ ಆಶ್ರಯ ಕೊಟ್ಟ ರಾಜಧಾನಿ. ಆ ವಂಶದ ನಾಲ್ಕನೆಯ ಇಂದ್ರ ರಾಜ್ಯ ಕೈತಪ್ಪಿದ ಮೇಲೆ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ.

ಕೈಮೀರಿದ ಲಿವರ್ ಕ್ಯಾನ್ಸರ್ ಬಹುಕಾಲ ಪರಿಹಾರವಿಲ್ಲದ ರೋಗವೇ ಆಗಿತ್ತು. 2007ರಲ್ಲಿ ಬಂದ ಸೊರಾಫೆನಿಬ್ ಮಾತ್ರೆ ಕೆಲವು ತಿಂಗಳಷ್ಟೇ ಕೊಟ್ಟಿತು. 2020ರಲ್ಲಿ ಎರಡು ಔಷಧಗಳ ಜೋಡಿಗೆ ಮನ್ನಣೆ ಸಿಕ್ಕಿತು. ಗೆಡ್ಡೆಯು ದೇಹದ ಕಾವಲು ಕೋಶಗಳಿಗೆ ಹಾಕಿದ ತಡೆಯನ್ನು ಅಟೆಜೊಲಿಜುಮ್ಯಾಬ್ ತೆಗೆಯುತ್ತದೆ. ಗೆಡ್ಡೆ ತನಗಾಗಿ ಬೆಳೆಸಿಕೊಳ್ಳುವ ರಕ್ತನಾಳಗಳನ್ನು ಬೆವಾಸಿಜುಮ್ಯಾಬ್ ತಡೆಯುತ್ತದೆ. 501 ರೋಗಿಗಳ ಪ್ರಯೋಗದಲ್ಲಿ ಜೋಡಿ ಪಡೆದವರಲ್ಲಿ ಅರ್ಧದಷ್ಟು ಮಂದಿ 19.2 ತಿಂಗಳು ದಾಟಿದರು. ಸೊರಾಫೆನಿಬ್ ಪಡೆದವರಲ್ಲಿ 13.4. ಕೆಲವರಲ್ಲಿ ಗೆಡ್ಡೆ ಪೂರ್ತಿ ಕರಗಿದ್ದೂ ಉಂಟು.

ಹಾಗಾದರೆ ಪರಿಹಾರ ಇದೆಯೇ? ಮೂರು ವಾರಕ್ಕೊಮ್ಮೆ ರಕ್ತನಾಳದ ಮೂಲಕ ಕೊಡಬೇಕಾದ ಈ ಔಷಧದ ಒಂದು ಸುತ್ತಿಗೇ ಲಕ್ಷಾಂತರ ರೂಪಾಯಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ ಸಿಗುವ ಮಿತಿ 5 ಲಕ್ಷ. ಶಹಾಬಾದಿನ ಕಲ್ಲುಗಣಿಯಲ್ಲೋ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲೋ ದುಡಿಯುವವನು ಕಲಬುರಗಿಯಲ್ಲಿರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆಗೆ ಬರಬಲ್ಲ. ಚಿತ್ತಾಪುರ, ಸೇಡಂನವರು ರೈಲು ಹಿಡಿದು ಹೈದರಾಬಾದಿಗೂ ಹೋಗುತ್ತಾರೆ. ಚಿಂಚೋಳಿಗೆ ರೈಲೇ ಇಲ್ಲ. ಜಗತ್ತಿನಲ್ಲೆಲ್ಲೋ ಇರುವ ಮದ್ದು ರೋಗಿಯ ಕೈಗೆ ಬಾರದಿದ್ದರೆ ಅವನ ಪಾಲಿಗೆ ಅದು ಇಲ್ಲ. ಆದರೆ ಬಡತನ ತಂದ ಈ ‘ಇಲ್ಲ’ವನ್ನು ಶಾಸ್ತ್ರ ಹೇಳುವ ‘ಇಲ್ಲ’ದ ಜೊತೆ ಸೇರಿಸುವುದು ಅನ್ಯಾಯ. ಮೊದಲನೆಯದು ಸಮಾಜ ತೀರಿಸಬೇಕಾದ ಬಾಕಿ.

ಕರ್ಮಫಲ ಎಂದು ಸುಮ್ಮನಾಗುವುದಕ್ಕೂ ಇಲ್ಲಿ ಆಧಾರವಿಲ್ಲ. ಕರ್ಮವನ್ನು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದ ಜೈನರೇ ಮೊದಲು ಮದ್ದು ಹುಡುಕು ಎಂಬ ಶರತ್ತಿಟ್ಟರು. ಈ ಕ್ಯಾನ್ಸರಿನ ಮುಖ್ಯ ಬೇರುಗಳು ಹೆಪಟೈಟಿಸ್ ಬಿ, ಸಿ ಮತ್ತು ಕುಡಿತ. ಹುಟ್ಟಿದ ಮಗುವಿಗೆ ಬಿ ಲಸಿಕೆ ಸರ್ಕಾರಿ ದವಾಖಾನೆಯಲ್ಲಿ ಉಚಿತ.

ಮದ್ದು ಕೈಗೆ ಸಿಕ್ಕರೂ ಪ್ರಶ್ನೆ ಮುಗಿಯದು. ಜೋಡಿ ಔಷಧ ಪರೀಕ್ಷೆಗೊಳಪಟ್ಟದ್ದು ಲಿವರ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿರುವವರಲ್ಲಿ. ಅನ್ನನಾಳದ ಉಬ್ಬಿದ ರಕ್ತನಾಳ ಒಡೆಯುವ ಭಯವಿರುವುದರಿಂದ ಮೊದಲೇ ಎಂಡೋಸ್ಕೋಪಿ ಬೇಕು. ಕಾಮಾಲೆ, ಜಲೋದರ ಬಲಿತವರಿಗೆ ಔಷಧವೇ ಹಿಂಸೆಯಾಗಬಹುದು. ಆಗ ಹೊಲ ಮಾರಿ ಮುಂದುವರಿಸುವುದು ಮಕ್ಕಳ ಧರ್ಮವಲ್ಲ. ನೋವು ತಗ್ಗಿಸುವ ಆರೈಕೆ ಧರ್ಮ. ಘನತೆಯ ಸಾವಿನ ಬಗ್ಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆ ಜೀವರಕ್ಷಕ ಯಂತ್ರ ತೆಗೆಯಲು ವೈದ್ಯರ ಎರಡು ಮಂಡಳಿಗಳ ಒಪ್ಪಿಗೆ ಬೇಡುತ್ತದೆ. ಪ್ರಜ್ಞೆಯಿರುವ ರೋಗಿ ಮುಂದಿನ ಸುತ್ತು ಬೇಡವೆನ್ನಲು ಯಾವ ಮಂಡಳಿಯೂ ಬೇಕಿಲ್ಲ. ಆದರೆ ಆ ಮಾತು ಅವನೇ ಆಡಬೇಕಾದರೆ, ರೋಗದ ಹೆಸರನ್ನು ಮನೆಯವರು ಅವನಿಂದ ಮುಚ್ಚಿಟ್ಟಿರಬಾರದು.