ಮನಸ್ಸು ಮಾಡಿದ್ರೆ ಮಾಡ್ತಾನೆ

ನಮ್ಮ ಹುಡುಗನ ಬಗ್ಗೆ ಎಲ್ಲರೂ ಹೇಳೋದು ಒಂದೇ ಮಾತು: ‘ಬುದ್ಧಿವಂತ, ಮನಸ್ಸು ಮಾಡಿದ್ರೆ ಮಾಡ್ತಾನೆ.’ ಕೇಳಲು ಹೊಗಳಿಕೆ. ಬಿಚ್ಚಿ ನೋಡಿದರೆ ಆರೋಪ. ಮಾಡುತ್ತಿಲ್ಲ ಅಂದರೆ ಮನಸ್ಸು ಮಾಡುತ್ತಿಲ್ಲ, ಹಾಗಾಗಿ ತಪ್ಪು ಅವನದೇ.

ಅವನಿಗೆ 8 ವರ್ಷ. ಎಡಿಎಚ್‌ಡಿ ಅಂತ ಡಾಕ್ಟರು ಸುಮ್ಮನೆ ಹೇಳಿಬಿಡಲಿಲ್ಲ. ಮನೆ, ಶಾಲೆ ಎರಡೂ ಕಡೆ, ಕನಿಷ್ಠ 6 ತಿಂಗಳಿಂದ ಲಕ್ಷಣಗಳಿವೆಯೇ ಅಂತ ವಿಚಾರಿಸಿಯೇ ಹೇಳಿದ್ದು. ಇಷ್ಟೆಲ್ಲ ಗೊತ್ತಿದ್ದೂ ಒಂದು ರಾತ್ರಿ ನಾನು ಅವನ ಕೆನ್ನೆಗೆ ಹೊಡೆದೆ. 20 ಕೂಡುವ ಲೆಕ್ಕ. ಒಂದೂವರೆ ಗಂಟೆಯಲ್ಲಿ ಆಗಿದ್ದು ಮೂರು. ಅದೇ ಸಂಜೆ ಲೆಗೋ ಮುಂದೆ ಎರಡು ಗಂಟೆ ಅಲ್ಲಾಡದೆ ಕೂತಿದ್ದ. ಅದಕ್ಕೆ ಬರೋ ಗಮನ ಇದಕ್ಕೆ ಬರಲ್ವಾ? ಸಾಕ್ಷಿ ನನ್ನದೇ, ಜಡ್ಜೂ ನಾನೇ.

ಆ ಸಾಕ್ಷಿಯೇ ತಪ್ಪು. ಈ ಮಕ್ಕಳಲ್ಲಿ ಗಮನ ಇಲ್ಲವೆಂದಲ್ಲ, ಅದನ್ನು ಬೇಕಾದ ಕಡೆ ತಿರುಗಿಸೋದು ಕಷ್ಟ. ಇಷ್ಟವಾದದ್ದು ತಾನಾಗಿ ಎಳೆದುಕೊಳ್ಳುತ್ತದೆ, ಬೇಜಾರಿನದ್ದಕ್ಕೆ ಗಮನವನ್ನು ಎಳೆದು ತರಬೇಕು. ಆ ಎಳೆಯುವ ಬಲವೇ ಕಡಿಮೆ.

ನಮ್ಮೂರ ಶಾಲೆಯಲ್ಲಿ ನಾನು ಮಾನಿಟರ್. ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯೋದು ನನ್ನ ಕೆಲಸ. ಒಬ್ಬನ ಹೆಸರು ದಿನಾ ಇರುತ್ತಿತ್ತು. ಕೆಲವು ಸಲ ಅವನು ಏನೂ ಮಾಡುವ ಮೊದಲೇ ಬರೆದಿಟ್ಟಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಅವನಿಗೆ ಏನಿತ್ತು ಅಂತ ಇಷ್ಟು ದೂರದಿಂದ ನಾನು ಹೇಳಬಾರದು. ಆದರೆ ಕೋಲಿನಿಂದ ಒಂದು ದಿನವೂ ಅವನ ಗಮನ ಪಾಠಕ್ಕೆ ಬರಲಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನನ್ನ ಮನೆಯೊಳಗೆ ಆ ಕಾಯ್ದೆ ಬಂದಿರಲಿಲ್ಲ.

ಈಗ ಲೆಕ್ಕದ ಹಾಳೆಗೆ ರಟ್ಟು ಮುಚ್ಚಿ ಐದೈದೇ ತೋರಿಸುತ್ತೇವೆ. ಐದಾದರೆ ಮೆಟ್ಟಿಲು ಹತ್ತಿಳಿದು ಬರಬಹುದು. ಒಂದು ಸಲಕ್ಕೆ ಒಂದೇ ಸೂಚನೆ. ಶಭಾಷ್ ಅನ್ನೋದಿದ್ದರೆ ಆಗಲೇ ಅನ್ನಬೇಕು. ಶನಿವಾರ ಐಸ್‌ಕ್ರೀಂ ಅಂದರೆ ಶನಿವಾರ ಅವನಿಗೆ ಮುಂದಿನ ಜನ್ಮ. ಲೆಕ್ಕ ಮಾತ್ರ ಇಪ್ಪತ್ತೂ ಮಾಡಲೇಬೇಕು.

ಶಾಲೆಯಲ್ಲೂ ಹೀಗೇ ಮಾಡ್ತೀರಾ ಅಂತ ಕೇಳಿದೆ. ‘ಒಬ್ಬನಿಗೆ ರಿಯಾಯಿತಿ ಕೊಟ್ರೆ ಮಿಕ್ಕವರಿಗೆ ಅನ್ಯಾಯ ಅಲ್ವಾ ಸಾರ್?’ 40 ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಟೀಚರ್ ಕೇಳಿದ್ದು, ಪೊಳ್ಳು ಪ್ರಶ್ನೆಯಲ್ಲ. ಉತ್ತರ ಹೊಳೆಯದೆ ಆಫೀಸಿಗೆ ಹೋದೆ.

ಅಲ್ಲಿ ಬೆಳಗ್ಗೆ 15 ನಿಮಿಷದ ಸ್ಟ್ಯಾಂಡಪ್: ಇವತ್ತೇನು ಮಾಡ್ತೀಯ? ಆರು ತಿಂಗಳ ಕೆಲಸವನ್ನು ಎರಡೆರಡು ವಾರದ ಸ್ಪ್ರಿಂಟ್ ಮಾಡಿ, ಅದನ್ನೂ ಟಿಕೆಟ್‌ಗಳಾಗಿ ತುಂಡರಿಸಿ ಕೊಡುತ್ತಾರೆ. ಮೀಟಿಂಗ್‌ಗೆ ಮುಂಚೆ ಫೋನು ಕೂಗಿ ನೆನಪಿಸುತ್ತದೆ. ಕಿವಿಗೆ ಸದ್ದಡಗಿಸುವ ಹೆಡ್‌ಫೋನ್. ತಲೆ ಕೆಟ್ಟರೆ ಟೀಗೆ ಎದ್ದು ಹೋಗಬಹುದು, ಯಾರೂ ಹೆಸರು ಬರೆಯಲ್ಲ. ನನಗೆ ಕೊಟ್ಟರೆ ಪ್ರೊಡಕ್ಟಿವಿಟಿ, ಎಂಟು ವರ್ಷದವನಿಗೆ ಕೊಟ್ಟರೆ ರಿಯಾಯಿತಿ!

ಹೊಡೆದದ್ದಕ್ಕೆ ಅವನ ಹತ್ತಿರ ಸಾರಿ ಕೇಳಿದೆ. ‘ಯಾವತ್ತು?’ ಅಂದ.

ನಿನ್ನೆ 15 ಮುಗಿಸಿ ಮೂರನೇ ಸಲ ಮೆಟ್ಟಿಲಿಗೆ ಓಡಿದ. ನಾನು ರಟ್ಟು ಜಾರಿಸಿ, ಉಳಿದ ಐದನ್ನು ತೆರೆದಿಟ್ಟು ಕಾಯುತ್ತಾ ಕೂತೆ. ಅವನು ವಾಪಸ್ ಬರುವಷ್ಟರಲ್ಲಿ ಎರಡು ಸಲ ಫೋನು ತೆಗೆದು ನೋಡಿದ್ದೆ.