ಗೇಟಿನಾಚೆಯ ನಾಲ್ಕಡಿ

ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರಿಗೆ ಎದುರಾಗುವ ಮೊದಲ ಧಾರ್ಮಿಕ ಪ್ರಶ್ನೆ ದಿಕ್ಕಿನದು. 30-40ರ ಸೈಟಿನಲ್ಲಿ ಬಾಗಿಲು ಪೂರ್ವಕ್ಕೆ ಬಂತೇ, ಒಲೆ ಆಗ್ನೇಯಕ್ಕಿದೆಯೇ, ದೇವರ ಮನೆ ಈಶಾನ್ಯದಲ್ಲಿ ಕೂತಿತೇ ಎಂದು ಅಂಗುಲ ಅಂಗುಲ ಅಳೆಯುತ್ತಾರೆ. ಆ ಅಳತೆ ಕಾಂಪೌಂಡ್ ಗೋಡೆಗೆ ಬಂದು ನಿಂತುಬಿಡುತ್ತದೆ. ಆದರೆ ಮಯಮತ, ಮಾನಸಾರದಂಥ ವಾಸ್ತುಗ್ರಂಥಗಳು ಮನೆಯಷ್ಟನ್ನೇ ಹೇಳಿ ಸುಮ್ಮನಾಗುವುದಿಲ್ಲ. ಗ್ರಾಮ, ನಗರ, ಬೀದಿಗಳ ವಿನ್ಯಾಸವೂ ಅವುಗಳ ವಿಷಯವೇ. ಊರನ್ನು ಬಿಟ್ಟು ಮನೆಯನ್ನು ಮಾತ್ರ ಕತ್ತರಿಸಿ ತೆಗೆದದ್ದು ಸೈಟಿನ ವ್ಯವಹಾರ, ಶಾಸ್ತ್ರವಲ್ಲ. ಗೃಹಸ್ಥನಿಗೆ ವಿಧಿಸಿದ ಪಂಚಮಹಾಯಜ್ಞಗಳನ್ನೇ ನೋಡಿ: ದೇವ, ಪಿತೃ, ಬ್ರಹ್ಮಯಜ್ಞಗಳು ಒಳಗೇ ಮುಗಿಯಬಹುದು, ಅತಿಥಿಯನ್ನು ಸತ್ಕರಿಸುವ ಮನುಷ್ಯಯಜ್ಞಕ್ಕೂ ಹೊರಗಿನ ಜೀವಿಗಳಿಗೆ ಅನ್ನದ ಪಾಲಿಡುವ ಭೂತಯಜ್ಞಕ್ಕೂ ಹೊರಗಿನವರು ಬೇಕೇ ಬೇಕು. ಹಾಗಾಗಿ ಒಂದು ಮನೆಯ ಧರ್ಮವನ್ನು ಅಳೆಯಬೇಕಾದದ್ದು ಗೇಟಿನಾಚೆಯ ನಾಲ್ಕಡಿಯಲ್ಲಿ ಎಂಬುದು ನನ್ನ ವಾದ.

ಬೆಳಿಗ್ಗೆ ಆ ನಾಲ್ಕಡಿಯನ್ನು ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುತ್ತೇವೆ. ಅದು ನಮ್ಮ ಖಾತೆಗೆ ಸೇರಿದ ನೆಲವಲ್ಲ, ಬೀದಿ, ಆದರೂ ಪೂಜ್ಯ. ಅದೇ ಜಾಗದಲ್ಲಿ ಕಾರು ಹತ್ತಲೆಂದು ಚರಂಡಿಯ ಮೇಲೆ ಕಾಂಕ್ರೀಟಿನ ಇಳಿಜಾರು ಎಬ್ಬಿಸುತ್ತೇವೆ. ಕಾಲುದಾರಿ ತುಂಡಾಗಿ ಮುದುಕರು ರಸ್ತೆಗೆ ಇಳಿದು ನಡೆಯಬೇಕಾಗುತ್ತದೆ. ಕೆಳಗೆ ಹೂಳು ಕಟ್ಟಿದ ಚರಂಡಿಯ ನೀರು ಮಳೆ ಬಂದ ದಿನ ತಗ್ಗಿನ ಮನೆಗೆ ನುಗ್ಗುತ್ತದೆ. ಇದನ್ನು ಪಾಲಿಕೆಯ ಸಮಸ್ಯೆ ಎಂದು ಬದಿಗಿಡುವವರಿದ್ದಾರೆ. ರಂಗೋಲಿ ಇಡುವಾಗ ನಮ್ಮದಾಗಿದ್ದ ನೆಲ ಚರಂಡಿಯ ಮಾತು ಬಂದಾಗ ಪಾಲಿಕೆಯದಾಗುವುದು ಹೇಗೆ? ಹೂಳು ತೆಗೆಸುವುದು ಪಾಲಿಕೆಯ ಕೆಲಸವೇ ಹೌದು. ಪಕ್ಕದವರ ಮನೆಗೆ ನೀರು ನುಗ್ಗದಂತೆ ನಮ್ಮ ಮನೆ ಕಟ್ಟಿಕೊಳ್ಳುವುದು ಮಾತ್ರ ನಮ್ಮ ಹೊಣೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹೊರಗಿನವರ ಮಾತೆತ್ತಿ, ಜಗಲಿಯ ಮನೆ, ತೆರೆದ ಬಾಗಿಲು ಎಂದು ಹಳೆಯ ಕಾಲವನ್ನು ಹೊಗಳುವುದು ಜಾತಿಯನ್ನು ಮರೆತು ಆಡುವ ಮಾತಲ್ಲವೇ? ಖಂಡಿತ ಹೌದು. 1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮುಂದೆ ಅಗಲವಾದ ಬೀದಿಯಿದ್ದರೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳಿದ್ದವು. ಮಲ ಹೊರುವವರು ಬಂದು ಹೋಗುತ್ತಿದ್ದದ್ದು ಅಲ್ಲಿಂದ. ಮುಂಬಾಗಿಲಿನ ಅತಿಥಿಸತ್ಕಾರದ ಪುಣ್ಯವನ್ನು ಲೆಕ್ಕ ಹಾಕುವಾಗ ಹಿಂಬಾಗಿಲಿನ ಈ ಗಲ್ಲಿಯನ್ನು ಬಿಡುವಂತಿಲ್ಲ. ಭೂತಯಜ್ಞದ ವಿಧಿಯಲ್ಲೂ ಇದೇ ಕಲೆ ಇದೆ: ಮನುಸ್ಮೃತಿ ನಾಯಿ, ಕಾಗೆಗಳ ಸಾಲಿನಲ್ಲೇ ಶ್ವಪಚರನ್ನೂ, ಎಂದರೆ ಅಸ್ಪೃಶ್ಯರೆಂದು ದೂರವಿಟ್ಟವರನ್ನೂ, ನಿಲ್ಲಿಸಿ, ಅವರ ಪಾಲನ್ನು ನೆಲದ ಮೇಲೆ ಇಡಹೇಳುತ್ತದೆ. ಹೊರಗಿನವರಿಗೆ ಮನೆಯ ಮೇಲೆ ಹಕ್ಕಿದೆ ಎಂಬ ಒಳ್ಳೆಯ ತಿಳಿವು ಅಲ್ಲಿಯೇ ಅವಮಾನದ ಜೊತೆ ಬೆರೆತುಹೋಗಿದೆ. ಆ ತಿಳಿವನ್ನು ಉಳಿಸಿಕೊಂಡು ಅವಮಾನವನ್ನು ಕಿತ್ತೆಸೆಯಬೇಕು. ಹಾಗಾಗಿ ನನ್ನ ವಾದ ಹಳೆಯ ಬೀದಿಗೆ ಮರಳುವ ಕರೆ ಖಂಡಿತ ಅಲ್ಲ.

ಗೋಡೆ ಬೇಡವೆಂದೂ ನಾನು ಹೇಳುತ್ತಿಲ್ಲ. ಕಳ್ಳಕಾಕರ ಭಯ, ವಾಹನಗಳ ಧೂಳು, ಒಂಟಿ ವೃದ್ಧರ ಆತಂಕ ಎಲ್ಲವೂ ನಿಜ. ಆದರೆ ಆ ನಾಲ್ಕಡಿ ದಾಟಿ ಗೋಡೆಯೊಳಗೆ ದಿನವೂ ಬಂದು ಹೋಗುವವರನ್ನು ಮನೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದು ನನ್ನ ಪ್ರಶ್ನೆ. ಈಶಾನ್ಯದಲ್ಲಿ ದೇವರನ್ನು ಕೂರಿಸಿದ ಎಷ್ಟೋ ಮನೆಗಳಲ್ಲಿ ಮೂರು ಬಾತ್‌ರೂಮುಗಳಿದ್ದರೂ, ಅವನ್ನು ಉಜ್ಜಿ ತೊಳೆಯುವ ಹೆಂಗಸು ಅವುಗಳಲ್ಲಿ ಒಂದನ್ನೂ ಬಳಸುವಂತಿಲ್ಲ. ಅವಳ ಕಾಫಿ ಲೋಟ ಸಿಂಕಿನ ಕೆಳಗೆ ಬೇರೆಯಾಗಿಯೇ ಇರುತ್ತದೆ. ಹಿಂದಿನ ಗಲ್ಲಿ ಮುಚ್ಚಿಹೋದರೂ ಅದರ ನಿಯಮ ಹೀಗೆ ಒಳಗೇ ಮುಂದುವರಿದಿದೆ. ಗೃಹಪ್ರವೇಶದ ಹೋಮ ಇದನ್ನು ಸರಿಮಾಡಲಾರದು. ಆ ಲೋಟವನ್ನು ಉಳಿದ ಲೋಟಗಳ ಜೊತೆ ಇಡುವುದಕ್ಕೆ ಯಾವ ಮುಹೂರ್ತವೂ ಬೇಕಿಲ್ಲ.